ಒಂದೇ ಹೆಸರಿನ ಇಬ್ಬರು ಸಿಪಿಯೊಗಳು

ಪ್ರಶ್ನೆ: ಉತ್ತರ ಆಫ್ರಿಕಾದ ಕಾರ್ಥೇಜ್ ನಗರದ ದಂಡನಾಯಕ ಹ್ಯಾನಿಬಲನನ್ನು ಸೋಲಿಸಿದ ರೋಮನ್ ಸೇನಾಪತಿ ಪಬ್ಲಿಯಸ್ ಕಾರ್ನೀಲಿಯಸ್ ಸಿಪಿಯೊ ಆಫ್ರಿಕಾನಸ್ ಎಂದು ಓದಿದ್ದೇನೆ. ಆತನ ಗೆಲುವಿನ 56 ವರ್ಷಗಳ ನಂತರ ಕಾರ್ಥೇಜ್ ನಗರವನ್ನು ನೆಲಸಮ ಮಾಡಿದವನ ಹೆಸರೂ ಅದೇ ಆಗಿದೆ. ಇಬ್ಬರೂ ಒಬ್ಬನೆಯೋ, ಅಥವಾ ನಮ್ಮ ಕಡೆ ಇಡುವಂತೆ ಮೊಮ್ಮಗನಿಗೆ ಮುತ್ಯಾನ ಹೆಸರನ್ನಿಟ್ಟಿದ್ದರೋ?
– ಓದುಗರೊಬ್ಬರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ನಿಮ್ಮ ಊಹೆ ಬಹುಮಟ್ಟಿಗೆ ಸರಿ. ಎರಡನೆಯವನು ಮೊದಲನೆಯವನ ಮೊಮ್ಮಗನೇ, ಆದರೆ ದತ್ತು ಬಂದವನು.

ರೋಮನ್ ಗಂಡಸಿನ ಹೆಸರಿನಲ್ಲಿ ಸಾಮಾನ್ಯವಾಗಿ ಮೂರು ಭಾಗಗಳಿರುತ್ತಿದ್ದವು. ಪಬ್ಲಿಯಸ್ ಎಂಬುದು ಒಂಬತ್ತನೆಯ ದಿನ ಇಟ್ಟ ಹೆಸರು, ಕಾರ್ನೀಲಿಯಸ್ ಕುಲದ ಹೆಸರು, ಸಿಪಿಯೊ ಆ ಕುಲದೊಳಗಿನ ಮನೆತನದ ಅಡ್ಡಹೆಸರು. ಇಡುವ ಹೆಸರುಗಳು ಬಳಕೆಯಲ್ಲಿದ್ದದ್ದೇ ಸುಮಾರು 18. ಸಿಪಿಯೊಗಳಂತೂ ಪಬ್ಲಿಯಸ್, ಲೂಸಿಯಸ್, ನೀಯಸ್ ಎಂಬ ಮೂರನ್ನೇ ತಲೆಮಾರುಗಟ್ಟಲೆ ತಿರುಗಿಸಿದರು. ಕಲಬುರಗಿಯ ಯಾವುದೇ ಓಣಿಯಲ್ಲಿ ‘ಶರಣಬಸಪ್ಪಾ’ ಎಂದು ಕೂಗಿದರೆ ನಾಲ್ಕು ಜನ ತಿರುಗಿ ನೋಡುವಂತಹ ಪರಿಸ್ಥಿತಿಯಲ್ಲಿ ಅಡ್ಡಹೆಸರೇ ಗತಿ. ನಮ್ಮಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ ಎಂಬ ಮನೆತನಗಳಿರುವಂತೆ ಅಲ್ಲಿ ಸಿಸಿರೊ ಎಂದರೆ ಕಡಲೆ, ಸಿಪಿಯೊ ಎಂದರೆ ಊರುಗೋಲು. ಕುರುಡ ತಂದೆಗೆ ಕೋಲಿನಂತೆ ಆಸರೆಯಾಗಿ ನಡೆದ ಮಗನಿಂದ ಈ ಹೆಸರು ಬಂತೆಂಬ ಕಥೆಯನ್ನು ಪ್ರಾಚೀನರೇ ಹೇಳಿದ್ದಾರೆ. ಅದು ಕಥೆ ಎಂದೇ ಇಟ್ಟುಕೊಳ್ಳುವುದು ಒಳಿತು.

ಕ್ರಿ.ಪೂ. 298ರಲ್ಲಿ ಕಾನ್ಸಲ್ (ರೋಮಿನ ಅತ್ಯುನ್ನತ ಅಧಿಕಾರಿ) ಆಗಿದ್ದ ಈ ಮನೆತನದ ಒಬ್ಬನಿಗೆ ‘ಗಡ್ಡದವನು’ ಎಂಬ ಅರ್ಥದ ಬಾರ್ಬಾಟಸ್ ಎಂಬ ಇನ್ನೊಂದು ಹೆಸರೂ ಸೇರಿಕೊಂಡಿತ್ತು. ಅಪ್ಪಿಯನ್ ಹೆದ್ದಾರಿಯ ಪಕ್ಕದ ಮನೆತನದ ಸಮಾಧಿಯಲ್ಲಿ ದೊರೆತ ಅವನ ಕಲ್ಲಿನ ಶವಪೆಟ್ಟಿಗೆ ಈಗ ವ್ಯಾಟಿಕನ್‌ನಲ್ಲಿದೆ. ಅದರ ಮೇಲಿನ ಪದ್ಯದಲ್ಲಿ, ಬಹುಶಃ ಛಂದಸ್ಸಿಗಾಗಿ, ಕುಲದ ಹೆಸರನ್ನು ಮುಂದೆ ತಂದು ‘ಕಾರ್ನೀಲಿಯಸ್ ಲೂಸಿಯಸ್’ ಎಂದು ಕೊರೆಯಲಾಗಿದೆ. ಹಿಂದೆಯೇ ‘ತಂದೆ ನೀಯಸ್‌ನಿಂದ ಹುಟ್ಟಿದವನು’ ಎಂಬ ಮಾತಿದೆ.

ಇನ್ನು ನಿಮ್ಮ ಇಬ್ಬರ ವಿಷಯ. ಕ್ರಿ.ಪೂ. 202ರಲ್ಲಿ ಜಾಮಾ ಯುದ್ಧದಲ್ಲಿ ಹ್ಯಾನಿಬಲನನ್ನು ಸೋಲಿಸಿದವನಿಗೆ ಗೆದ್ದ ನಾಡಾದ ಆಫ್ರಿಕಾದ ಹೆಸರೇ ‘ಆಫ್ರಿಕಾನಸ್’ ಎಂಬ ಬಿರುದಾಯಿತು. ಅವನ ಹಿರಿಯ ಮಗ ರೋಗಿಷ್ಠ, ಮಕ್ಕಳಿಲ್ಲದವನು. ಆತ ದತ್ತು ಪಡೆದದ್ದು ತನ್ನ ಸೋದರಮಾವ ಎಮಿಲಿಯಸ್ ಪಾಲಸ್‌ನ ಮಗನನ್ನು. ದತ್ತು ಹೋದವನು ಹೊಸ ತಂದೆಯ ಪೂರ್ತಿ ಹೆಸರನ್ನು ಹೊತ್ತು, ಹುಟ್ಟಿದ ಕುಲದ ಗುರುತನ್ನು ‘ಎಮಿಲಿಯಾನಸ್’ ಎಂದು ಬಾಲಕ್ಕೆ ಕಟ್ಟಿಕೊಂಡ. ಇತಿಹಾಸಕಾರರು ಅವನನ್ನು ಸಿಪಿಯೊ ಎಮಿಲಿಯಾನಸ್ ಎನ್ನುವುದು ಈ ಗೊಂದಲ ತಪ್ಪಿಸಲೆಂದೇ. ಕ್ರಿ.ಪೂ. 146ರಲ್ಲಿ ಕಾರ್ಥೇಜನ್ನು ನಾಶಮಾಡಿದ್ದರಿಂದ ಆಫ್ರಿಕಾನಸ್ ಎಂಬ ಬಿರುದು ಅವನಿಗೆ ಬರೀ ಅಜ್ಜನ ಆಸ್ತಿಯಾಗಿ ಉಳಿಯದೆ ಸ್ವಂತ ಗಳಿಕೆಯೂ ಆಯಿತು.

ನೀವು ಕೇಳದಿದ್ದರೂ ಹೆಣ್ಣುಮಕ್ಕಳ ಮಾತು ಹೇಳಲೇಬೇಕು, ಏಕೆಂದರೆ ನಮ್ಮ ತೊಟ್ಟಿಲ ಕಾರ್ಯದಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಉಸುರುವ ಸೋದರತ್ತೆಗೆ ಅಲ್ಲಿ ಸ್ವಂತದ್ದೆಂಬ ಹೆಸರೇ ಇರುತ್ತಿರಲಿಲ್ಲ. ಹಿರಿಯ ಆಫ್ರಿಕಾನಸ್‌ನ ಇಬ್ಬರು ಹೆಣ್ಣುಮಕ್ಕಳೂ ಕುಲದ ಹೆಸರಿನಿಂದ ಕಾರ್ನೀಲಿಯಾ. ದೊಡ್ಡವಳು, ಸಣ್ಣವಳು ಎಂಬುದಷ್ಟೇ ವ್ಯತ್ಯಾಸ. ಸಣ್ಣ ಕಾರ್ನೀಲಿಯಾ ಹೆತ್ತ ಹನ್ನೆರಡು ಮಕ್ಕಳಲ್ಲಿ ಬದುಕಿದವರು ಮೂವರು: ಸುಧಾರಕರೆಂದು ಹೆಸರಾದ ಗ್ರಾಕಸ್ ಸಹೋದರರು ಮತ್ತು ತಂದೆಯ ಕುಲದಿಂದ ಸೆಂಪ್ರೋನಿಯಾ ಎನಿಸಿಕೊಂಡ ಮಗಳು. ಎಮಿಲಿಯಾನಸ್ ಮದುವೆಯಾದದ್ದು ಈ ಸೆಂಪ್ರೋನಿಯಾಳನ್ನು, ಅಂದರೆ ದತ್ತಿನ ಲೆಕ್ಕದಲ್ಲಿ ತನ್ನ ಸೋದರತ್ತೆಯ ಮಗಳನ್ನೇ.