ಆಪ್ತಸಲಹೆ ಪ್ರಕರಣ: ಎರಡು ಸಂದೇಶ, ಒಂದು ತಟ್ಟೆ

(ಹೆಸರು, ಉದ್ಯೋಗ ಮತ್ತು ಗುರುತು ಸಿಗಬಹುದಾದ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಶ್ರೀಧರ ಅವರಿಗೆ 44 ವರ್ಷ. ಹನುಮಂತನಗರದಲ್ಲಿ ತಾಯಿ, ಹೆಂಡತಿ ಮತ್ತು 13 ವರ್ಷದ ಮಗಳೊಂದಿಗೆ ವಾಸ, ವಿಮಾ ಕಂಪನಿಯೊಂದರಲ್ಲಿ ನೌಕರಿ. ಜಯನಗರದ ನನ್ನ ಕೊಠಡಿಗೆ ಅವರು ಬಂದದ್ದು ನಿದ್ದೆ ಬರುತ್ತಿಲ್ಲ ಎಂಬ ದೂರಿನೊಂದಿಗೆ. ಮೊದಲ ಇಪ್ಪತ್ತು ನಿಮಿಷ ಕಚೇರಿಯ ಒತ್ತಡದ ಬಗ್ಗೆಯೇ ಮಾತನಾಡಿದರು. ಆಮೇಲೆ ನೀರು ಕುಡಿದು ಲೋಟ ಕೆಳಗಿಡುತ್ತಾ, "ಮಗಳು ಹೋದ ತಿಂಗಳು ದೊಡ್ಡವಳಾದಳು" ಎಂದು ಹೇಳಿ ಸುಮ್ಮನಾದರು.

ಅವರ ತಾಯಿ ಹಾಲ್‌ನ ಮೂಲೆಯಲ್ಲಿ ಚಾಪೆ ಹಾಸಿ, ಪಕ್ಕದಲ್ಲಿ ಬೇರೆ ತಟ್ಟೆ, ಬೇರೆ ಲೋಟ ಇಟ್ಟಿದ್ದರಂತೆ. ಮೂರು ದಿನ ಅಡುಗೆಮನೆಗೆ ಹೋಗುವಂತಿಲ್ಲ, ದೇವರಕೋಣೆಯ ಕಡೆ ಸುಳಿಯುವಂತಿಲ್ಲ, ತುಳಸಿಯನ್ನು ಮುಟ್ಟುವಂತಿಲ್ಲ. ಎರಡನೆಯ ರಾತ್ರಿ ಶ್ರೀಧರ ಟಿ.ವಿ. ನೋಡುತ್ತಾ ಕುಳಿತಿದ್ದಾಗ ಹುಡುಗಿ ಚಾಪೆಯ ಮೇಲಿಂದಲೇ ಕೇಳಿದಳು: "ಅಪ್ಪಾ, ದರ್ಗಾದ ಒಳಗೆ ಹೆಂಗಸರನ್ನು ಬಿಡುವುದಿಲ್ಲ ಎಂದು ರಫೀಕ್ ಅಂಕಲ್‌ನ ನೀನು ಆಡಿಕೊಂಡು ನಗುತ್ತಿದ್ದೆಯಲ್ಲ. ನನಗೆ ಬಾಯಾರಿದೆ. ನಾನು ಒಳಗೆ ಹೋಗಿ ನೀರು ತಂದುಕೊಳ್ಳಲೇ?"

ಆ ಹುಡುಗಿ ಕೊಂಕು ಆಡಿರಲಿಲ್ಲ. ಅವಳಿಗೆ ನಿಜಕ್ಕೂ ಬಾಯಾರಿತ್ತು.

ರಫೀಕ್ ಶ್ರೀಧರ ಅವರ ಹನ್ನೆರಡು ವರ್ಷದ ಸಹೋದ್ಯೋಗಿ. ಮಧ್ಯಾಹ್ನ ಇಬ್ಬರೂ ಒಂದೇ ಮೇಜಿನಲ್ಲಿ ಡಬ್ಬಿ ಬಿಚ್ಚುವವರು. ಮುಂಬೈನ ಹಾಜಿ ಅಲಿ ದರ್ಗಾದ ಗರ್ಭಸ್ಥಾನಕ್ಕೆ ಮಹಿಳೆಯರನ್ನು ಬಿಡಬೇಕೆಂದು ಬಾಂಬೆ ಹೈಕೋರ್ಟ್ 2016ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಾಗ ಶ್ರೀಧರ ಅವನಿಗೊಂದು ಸಂದೇಶ ಕಳಿಸಿದ್ದರು. 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಒಂದೇ ಉಸಿರಿನ ತ್ರಿವಳಿ ತಲಾಖನ್ನು ಅಸಿಂಧುಗೊಳಿಸಿದಾಗ ಇನ್ನೊಂದು. 2018ರ ಸೆಪ್ಟೆಂಬರ್ 28ರಂದು ಶಬರಿಮಲೆಗೆ ಎಲ್ಲ ವಯಸ್ಸಿನ ಮಹಿಳೆಯರೂ ಹೋಗಬಹುದೆಂಬ ತೀರ್ಪು ಬಂತು. ಆ ದಿನ ರಫೀಕ್‌ಗೆ ಏನನ್ನೂ ಕಳಿಸಲಿಲ್ಲ, ಕುಟುಂಬದ ವಾಟ್ಸ್‌ಆಪ್ ಗುಂಪಿನಲ್ಲಿ ಬರೆದರು.

ಎರಡನೆಯ ಭೇಟಿಯಲ್ಲಿ, ಮೊಬೈಲಿನಲ್ಲಿ ಆ ಸಂದೇಶಗಳು ಇನ್ನೂ ಇದ್ದರೆ ಹುಡುಕಿ ಗಟ್ಟಿಯಾಗಿ ಓದಿ ಎಂದೆ. ಮೊದಲನೆಯದನ್ನು ಓದಿದರು: "ಅಂತೂ ನಿಮ್ಮ ಹೆಂಗಸರಿಗೆ ಬಾಗಿಲು ತೆರೆಯಿತು. ಅದಕ್ಕೂ ಕೋರ್ಟೇ ಬರಬೇಕಾಯಿತೇ?" ಕುಟುಂಬದ ಗುಂಪಿಗೆ ಬರೆದದ್ದು ಹೀಗಿತ್ತು: "ಇದು ಅವಮಾನವಲ್ಲ, ಸಂಪ್ರದಾಯ. ನಂಬಿಕೆಯ ವಿಷಯದಲ್ಲಿ ಕೋರ್ಟಿಗೇನು ಕೆಲಸ?" ಅದನ್ನು ಓದುವಾಗ 'ಸಂಪ್ರದಾಯ' ಎಂಬಲ್ಲಿ ಅವರ ಗಂಟಲು ಕಟ್ಟಿತು. ಮುಂದಿನ ಮಾತನ್ನು ನಾನೇ ಓದಿದೆ.

ಆ ತೀರ್ಪುಗಳ ಸರಿತಪ್ಪು ನನ್ನ ಕೊಠಡಿಯಲ್ಲಿ ತೀರ್ಮಾನವಾಗಬೇಕಾದ ವಿಷಯವಲ್ಲ. ಶಬರಿಮಲೆ ಪ್ರಕರಣದ ಪ್ರಶ್ನೆಗಳನ್ನು 2019ರಲ್ಲಿ ಸುಪ್ರೀಂ ಕೋರ್ಟೇ ದೊಡ್ಡ ಪೀಠಕ್ಕೆ ಒಪ್ಪಿಸಿದೆ. ನನಗೆ ಬೇಕಾಗಿದ್ದದ್ದು ಒಂದೇ ಕಣ್ಣು ಎರಡು ಕಡೆ ಹೇಗೆ ನೋಡಿತ್ತು ಎಂಬುದು. ಪುರುಷ ಸಂತನ ಸಮಾಧಿಯ ಹತ್ತಿರಕ್ಕೆ ಹೆಣ್ಣು ಬರುವುದು ಪಾಪವೆಂದು ಹಾಜಿ ಅಲಿಯ ಟ್ರಸ್ಟ್ ವಾದಿಸಿತ್ತು. ಶಬರಿಮಲೆಯ ಕಡೆಯವರು ದೇವರ ನೈಷ್ಠಿಕ ಬ್ರಹ್ಮಚರ್ಯವನ್ನು ಮುಂದಿಟ್ಟಿದ್ದರು. ಮೊದಲನೆಯದು ಶ್ರೀಧರ ಅವರಿಗೆ ನಗೆಪಾಟಲಾಗಿ ಕಂಡಿತು, ಎರಡನೆಯದು ಭಕ್ತಿಯಾಗಿ. ಇದರಲ್ಲಿ ಕಪಟವಿಲ್ಲ. ನಮ್ಮ ಮನೆಯ ಕಟ್ಟಳೆಯ ಜೊತೆಗೆ ಅಜ್ಜಿಯ ಮುಖ, ಕರ್ಪೂರದ ವಾಸನೆ, ವ್ರತದ ದಿನಗಳ ಚಳಿ ಎಲ್ಲವೂ ಸೇರಿಕೊಂಡಿರುತ್ತವೆ. ಪಕ್ಕದ ಮನೆಯವರದ್ದಾದರೆ ಬರಿಯ ಕಟ್ಟಳೆಯಷ್ಟೇ ಕಣ್ಣಿಗೆ ಬೀಳುತ್ತದೆ. ಅವರ ಅಜ್ಜಿಯನ್ನು ನಾವು ಕಂಡಿರುವುದಿಲ್ಲ.

ಮೂರನೆಯ ಭೇಟಿಗೆ ಅವರು ಒಂದು ನೋಟ್‌ಪುಸ್ತಕ ಹಿಡಿದು ಬಂದರು, ಮುಖ ಸ್ವಲ್ಪ ಗೆಲುವಾಗಿತ್ತು. ಬೈಬಲಿನ ಯಾಜಕಕಾಂಡದ 15ನೆಯ ಅಧ್ಯಾಯದಲ್ಲಿ ಮುಟ್ಟಾದವಳಿಗೆ ಏಳು ದಿನದ ಮೈಲಿಗೆ. ಇಸ್ಲಾಮಿನಲ್ಲಿ ಆ ದಿನಗಳಲ್ಲಿ ನಮಾಜೂ ಇಲ್ಲ, ಉಪವಾಸವೂ ಇಲ್ಲ. ಬಿಟ್ಟುಹೋದ ಉಪವಾಸವನ್ನು ಆಮೇಲೆ ಹಿಡಿಯಬೇಕು. ಪಾರ್ಸಿಗಳ ಹಳೆಯ ಮನೆಗಳಲ್ಲೂ ಪ್ರತ್ಯೇಕ ಕೂರಿಸುತ್ತಿದ್ದರು. ಎಲ್ಲವನ್ನೂ ಓದಿ ಹೇಳಿ, "ಎಲ್ಲರ ಮನೆ ದೋಸೆಯೂ ತೂತೇ ಅಲ್ಲವೇ ಮೇಡಂ?" ಎಂದರು.

ಈ ಗಾದೆ ಹೇಳಿ ಎಷ್ಟೋ ಜನರನ್ನು ನಾನೇ ಸಮಾಧಾನ ಮಾಡಿದ್ದೇನೆ. ಅಂದು ಮಾತ್ರ ಒಪ್ಪಲಿಲ್ಲ. "ನಿಮ್ಮ ಮಗಳು ಜಗತ್ತಿನ ಧರ್ಮಗಳ ಲೆಕ್ಕ ಕೇಳಲಿಲ್ಲ, ಒಂದು ಲೋಟ ನೀರು ಕೇಳಿದಳು. ಈ ಪುಸ್ತಕ ಅವಳಿಗೆ ಏನು ಉತ್ತರ ಕೊಡುತ್ತದೆ?" ಎಂದು ಕೇಳಿದೆ. ಬೇರೆಯವರಲ್ಲಿ ನಮ್ಮದೇ ದೋಷ ಕಂಡಾಗ ಅರೆಗಳಿಗೆ ನಾಚಿಕೆಯಾಗುತ್ತದೆ. ಅದರ ಹಿಂದೆಯೇ, ನಾವೊಬ್ಬರೇ ಅಲ್ಲವಲ್ಲ ಎಂಬ ನೆಮ್ಮದಿ ಬಂದು ಆ ನಾಚಿಕೆಯನ್ನು ನುಂಗಿಬಿಡುತ್ತದೆ. ಅಲ್ಲಿಗೆ ಏನೂ ಬದಲಾಗದೆ ಉಳಿಯುತ್ತದೆ. ಇದನ್ನು ನಾನು ಅನೇಕರಲ್ಲಿ ಕಂಡಿದ್ದೇನೆ, ಇಂಥದೇ ಮನೆಯಲ್ಲಿ ಬೆಳೆದ ನನ್ನಲ್ಲೂ ಕಂಡಿದ್ದೇನೆ.

ಮುಂದಿನ ವಾರ ಅವರು ಎದುರು ದಂಡೆಗೆ ಹೋಗಿಬಿಟ್ಟಿದ್ದರು. ಜನಿವಾರ ತೆಗೆದುಹಾಕುತ್ತೇನೆ, ನಮ್ಮದು ಧರ್ಮವೇ ಅಲ್ಲ, ಮೂಢರ ಸಂತೆ ಎಂದು ತಾಯಿಯ ಎದುರು ಕೂಗಾಡಿದ್ದರು. ಆ ಮುದುಕಿ ರಾತ್ರಿ ಊಟ ಮಾಡದೆ ಮಲಗಿದ್ದರು. ನನಗೆ ಬಹಳ ನೋವಾಯಿತು, ಅದನ್ನು ಅವರಿಗೆ ಹೇಳಿದೆ. ರಫೀಕ್‌ನನ್ನು ಆಡಿಕೊಂಡ ಅದೇ ಬಾಯಿ, ಅದೇ ದನಿ ಈಗ ಅಮ್ಮನ ಕಡೆ ತಿರುಗಿತ್ತು. ಅಣಕ ನಿಂತಿರಲಿಲ್ಲ, ದಿಕ್ಕು ಬದಲಿಸಿತ್ತು ಅಷ್ಟೇ.

ತನಗೇನಾದರೂ ಮಾನಸಿಕ ಕಾಯಿಲೆಯೇ ಎಂದೂ ಅಂದು ಕೇಳಿದರು. ಅಲ್ಲ ಎಂದೆ. ನಂಬಿಕೆ ಅಲುಗಾಡಿದಾಗ ಹುಟ್ಟುವ ಸಂಕಟವನ್ನು ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯೂ 1994ರ ಆವೃತ್ತಿಯಲ್ಲಿ ರೋಗಗಳ ಸಾಲಿಗೆ ಸೇರಿಸದೆ, ಗಮನ ಕೊಡಬೇಕಾದ ವಿಷಯವೆಂದು ಬೇರೆಯಾಗಿ ಗುರುತಿಸಿತು. ಆದರೆ ನಿದ್ದೆಗೇಡು ಎರಡು ವಾರ ಮೀರಿ ಮುಂದುವರಿದರೆ, ಬದುಕು ಬೇಡ ಎನಿಸಿದರೆ, ತಡಮಾಡದೆ ನಿಮ್ಹಾನ್ಸ್ ಆಸ್ಪತ್ರೆಗೆ ಹೋಗಿ ಅಥವಾ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಅದರ ಅಗತ್ಯ ಬೀಳಲಿಲ್ಲ.

ಇನ್ನು ನಾನು ಕೊಟ್ಟ ಸಲಹೆ. ತಾಯಿಯೊಂದಿಗೆ ಶಾಸ್ತ್ರವನ್ನೂ ಕಾನೂನನ್ನೂ ಚರ್ಚಿಸಬೇಡಿ ಎಂದೆ. ಅವರ ಆ ವಯಸ್ಸಿನ ಮೂರು ದಿನಗಳು ಹೇಗಿದ್ದವು ಎಂದು ಮಾತ್ರ ಕೇಳಿ, ಕೇಳಿ ಸುಮ್ಮನಿರಿ. ಹೆಂಡತಿಯ ಮಾತನ್ನೂ ಎತ್ತಿದೆ, ಏಕೆಂದರೆ ನಾಲ್ಕು ಭೇಟಿಗಳಲ್ಲಿ ಅವರ ಹೆಸರೇ ಬಂದಿರಲಿಲ್ಲ. ಹದಿನೈದು ವರ್ಷಗಳಿಂದ ಪ್ರತಿ ತಿಂಗಳೂ ಅದೇ ಚಾಪೆಯ ಮೇಲೆ ಅವರು ಕುಳಿತಿದ್ದಾರೆ. ಶ್ರೀಧರ ಆಗ ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬಂದದ್ದೇ ಹೊರತು ಒಮ್ಮೆಯೂ ಯೋಚಿಸಿರಲಿಲ್ಲ. ಮಗಳ ನೋವು ಮುಟ್ಟಿದಂತೆ ಹೆಂಡತಿಯದು ಏಕೆ ಮುಟ್ಟಲಿಲ್ಲ ಎಂಬುದನ್ನು ಅವರಿಬ್ಬರೇ ಕುಳಿತು ಮಾತನಾಡಬೇಕೆಂದೆ. ಮಗಳನ್ನು ಮುಂದೆ ನಿಲ್ಲಿಸಿ ಅಜ್ಜಿಯೊಂದಿಗೆ ಜಗಳ ಮಾಡಿಸುವುದು ಬೇಡವೇ ಬೇಡ. ಚಾಪೆ ಎತ್ತುವವರು ನೀವಾಗಿರಬೇಕು, ಅದರಿಂದ ಮನೆಯಲ್ಲಿ ಬರುವ ಮುನಿಸನ್ನು ಹೊರುವವರೂ ನೀವೇ ಎಂದೆ.

ದೇವರನ್ನು ಬಿಡಬೇಕೇ ಎಂದು ಕೇಳಿದಾಗ, ಯಾರನ್ನೂ ಕೀಳು ಮಾಡದೆ ಭಕ್ತಿ ಉಕ್ಕಿದ ಒಂದು ಗಳಿಗೆ ನೆನಪಿದೆಯೇ ಎಂದು ಕೇಳಿದೆ. ಬಹಳ ಹೊತ್ತು ಯೋಚಿಸಿದರು. ಆರು ವರ್ಷದವರಿದ್ದಾಗ ಅಪ್ಪ ಹೆಗಲ ಮೇಲೆ ಕೂರಿಸಿಕೊಂಡು ಕರಗ ತೋರಿಸಲು ಕಾಟನ್‌ಪೇಟೆಗೆ ಕರೆದುಕೊಂಡು ಹೋಗಿದ್ದರಂತೆ. ಚೈತ್ರ ಪೂರ್ಣಿಮೆಯ ರಾತ್ರಿ, ಧರ್ಮರಾಯನ ಗುಡಿಯಿಂದ ಹೊರಟ ಕರಗ ತವಕ್ಕಲ್ ಮಸ್ತಾನ್ ದರ್ಗಾದೊಳಗೆ ಹೋಗಿ ಬಂತು. ಮಲ್ಲಿಗೆಯ ಘಮ. ಅಪ್ಪ ಕೈಮುಗಿದಾಗ ಕರಗಕ್ಕೋ ದರ್ಗಾಕ್ಕೋ ಎಂದು ಮಗು ಕೇಳಿರಲಿಲ್ಲ. "ಅದನ್ನು ಬಿಡಬೇಕಾಗಿಲ್ಲ" ಎಂದೆ.

ರಫೀಕ್ ಬಳಿ ಕ್ಷಮೆ ಕೇಳುವಾಗ 'ನಮ್ಮಲ್ಲೂ ಇದೆ, ನಿಮ್ಮಲ್ಲೂ ಇದೆ' ಎಂದು ಸರಿದೂಗಿಸಬಾರದು ಎಂದು ಎಚ್ಚರಿಸಿದ್ದೆ. ಆಡಿದ ಮಾತನ್ನು ಹೆಸರಿಸಿ, ತಪ್ಪಾಯಿತು ಎಂದು ನಿಲ್ಲಿಸಬೇಕು. ಶ್ರೀಧರ ಊಟದ ಮೇಜಿನಲ್ಲಿ ಹಾಗೆಯೇ ಹೇಳಿದರು. ರಫೀಕ್ "ಸರಿ" ಎಂದಷ್ಟೇ ಹೇಳಿ ಡಬ್ಬಿ ಮುಚ್ಚಿ ಎದ್ದುಹೋದ. ಹನ್ನೊಂದು ದಿನ ಬೇರೆ ಮೇಜಿನಲ್ಲಿ ಕುಳಿತ. ಹನ್ನೆರಡನೆಯ ದಿನ ಬಂದು ಕುಳಿತು, "ನನ್ನ ತಂಗಿಗೂ ನಿನ್ನ ಆ ಮೆಸೇಜ್ ತೋರಿಸಿದ್ದೆ. ಆ ಬಾಗಿಲು ತೆರೆಯಲಿ ಎಂದು ಅವಳೂ ಕಾಯುತ್ತಿದ್ದಳು. ನೀನು ನಕ್ಕಿದ್ದಕ್ಕೆ ಅವಳಿಗೆ ಸಂತೋಷಪಡಲೂ ಆಗಲಿಲ್ಲ" ಎಂದ. ಹೊರಗಿನವರ ನಗೆ ಒಳಗಿನಿಂದ ಬಾಗಿಲು ತಟ್ಟುತ್ತಿರುವವರ ಕೈಯನ್ನೇ ಹಿಡಿದು ಎಳೆಯುತ್ತದೆ ಎಂಬುದನ್ನು ನಾನು ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕೇಳಿರಲಿಲ್ಲ.

ಕೊನೆಯ ಭೇಟಿಗೆ ಶ್ರೀಧರ ಆ ತಟ್ಟೆಯನ್ನು ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ತಂದಿದ್ದರು. ಅಂಚಿನಲ್ಲಿ ಪಾತ್ರೆ ಅಂಗಡಿಯವರು ಚುಕ್ಕಿ ಅಕ್ಷರದಲ್ಲಿ ಕೊರೆದ ಹೆಸರು, ತಾಯಿಯದು. ಮದುವೆಯಾಗಿ ಬಂದಾಗ ಅತ್ತೆ ಕೊಟ್ಟದ್ದಂತೆ, ಆ ದಿನಗಳಿಗೆಂದೇ. ಮಗ ಕೇಳಿದಾಗ ತಾಯಿ ಮೊದಲು ರೇಗಿದರು, ಆಮೇಲೆ ಹೇಳಿದರು: ಹಿತ್ತಲ ಜಗಲಿಯಲ್ಲಿ ಕೂರಿಸುತ್ತಿದ್ದರು, ಮಳೆ ಬಂದರೆ ಎರಚಲು ಹೊಡೆಯುತ್ತಿತ್ತು, ಅನ್ನದ ಮೇಲೆ ಕೈ ಅಡ್ಡ ಹಿಡಿದು ಊಟ ಮಾಡುತ್ತಿದ್ದೆ. ಇಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ಮನೆಯಲ್ಲಿ ಈಗ ಚಾಪೆ ಇಲ್ಲ. ಹುಡುಗಿ ಅಡುಗೆಮನೆಗೆ ಹೋಗುತ್ತಾಳೆ, ಮೇಜಿನಲ್ಲೇ ಊಟ ಮಾಡುತ್ತಾಳೆ. ದೇವರಕೋಣೆಯ ಬಾಗಿಲನ್ನು ಅಜ್ಜಿ ಆ ದಿನಗಳಲ್ಲಿ ಇನ್ನೂ ಮುಚ್ಚಿಯೇ ಇಡುತ್ತಾರೆ, ಮೊಮ್ಮಗಳು ಕೊಟ್ಟ ಕಾಫಿಯನ್ನು ಒಮ್ಮೊಮ್ಮೆ ತೆಗೆದುಕೊಳ್ಳುತ್ತಾರೆ, ಒಮ್ಮೊಮ್ಮೆ ಈಗ ಬೇಡ ಎನ್ನುತ್ತಾರೆ. ಹೆಂಡತಿ ಮಾತ್ರ ಇನ್ನೂ ಗಂಡನೊಂದಿಗೆ ಈ ವಿಷಯ ಮಾತನಾಡಲು ಒಪ್ಪಿಲ್ಲ. ಒಪ್ಪಿದಾಗ ಇಬ್ಬರೂ ಬನ್ನಿ ಎಂದು ಹೇಳಿ ಕಳಿಸಿದ್ದೇನೆ.