ಓದಿ ಹೊಟ್ಟೆ ತೊಳಸಿದರೆ ಪುಸ್ತಕ ಮುಚ್ಚಿಬಿಡಲಾ?

ಪ್ರಶ್ನೆ: ಮೇಡಂ, ನಬೊಕೊವ್ ಅವರ ‘ಲೋಲಿಟಾ’ ಅರ್ಧ ಓದಿದ್ದೇನೆ. ಹನ್ನೆರಡು ವರ್ಷದ ಹುಡುಗಿಯ ಬಾಳು ಹಾಳು ಮಾಡುವವನ ಕಥೆ, ಹೊಟ್ಟೆ ತೊಳಸುತ್ತೆ. ಆದರೆ ಕೆಲವು ಕಡೆ ಅವನ ಮಾತಿಗೆ ನಕ್ಕೂಬಿಟ್ಟೆ, ಆಮೇಲೆ ನನ್ನ ಮೇಲೇ ಅಸಹ್ಯವಾಯಿತು. ನನ್ನಲ್ಲೇ ಏನಾದರೂ ಐಬು ಇದೆಯಾ? ಮುಂದೆ ಓದಲಾ, ಬಿಡಲಾ?

ಉತ್ತರ: ನಿಮ್ಮಲ್ಲಿ ಯಾವ ಐಬೂ ಇಲ್ಲ. ನಕ್ಕಿದ್ದೂ ಸರಿ, ಅಸಹ್ಯವಾಗಿದ್ದೂ ಸರಿ.

ಕಥೆ ಹೇಳುವವನು ಯಾರು ನೋಡಿ. ಹಂಬರ್ಟ್ ಜೈಲಿನಲ್ಲಿ ಕೂತು ಬರೆಯುತ್ತಿದ್ದಾನೆ, ನಮ್ಮನ್ನು ಜ್ಯೂರಿ ಅಂತ ಕರೆಯುತ್ತಾನೆ. ಅಂದರೆ ಇಡೀ ಪುಸ್ತಕ ಆರೋಪಿಯೇ ತನ್ನ ಪರವಾಗಿ ಮಾಡುವ ವಕಾಲತ್ತು, ಅದೂ ಮಾತಿನಮಲ್ಲನ ವಕಾಲತ್ತು. ನಮ್ಮ ‘ಸಂಸ್ಕಾರ’ದಲ್ಲಿ (1965) ನಾರಣಪ್ಪನ ಹೆಣ ಕೊಳೆಯುವ ನಾತ ನೇರವಾಗಿ ಮೂಗಿಗೆ ಬಡಿಯುತ್ತೆ. ಇಲ್ಲಿ ನಾತದ ಮೇಲೆ ಅತ್ತರು ಸುರಿದಿದ್ದಾರೆ, ಅದಕ್ಕೇ ಜಾಸ್ತಿ ತೊಳಸುವುದು. ಅಮೆರಿಕದ ಪ್ರಕಾಶಕರು ಒಲ್ಲೆ ಎಂದ ಮೇಲೆ 1955ರಲ್ಲಿ ಪ್ಯಾರಿಸ್‌ನಲ್ಲಿ ಅಚ್ಚಾದ ಪುಸ್ತಕ ಇದು, ಮರುವರ್ಷ ಫ್ರಾನ್ಸ್ ಕೂಡ ನಿಷೇಧ ಹಾಕಿತು. ಹಾಗಾಗಿ ಕಸಿವಿಸಿಪಟ್ಟವರಲ್ಲಿ ನೀವು ಮೊದಲಿಗರೇನಲ್ಲ.

ಒಂದು ವಿಷಯ ಗಮನಿಸಿದ್ದೀರಾ? ಆ ಹುಡುಗಿಯ ಹೆಸರು ಲೋಲಿಟಾ ಅಲ್ಲ, ಡೊಲೊರೆಸ್ ಹೇಜ್. ‘ಲೋಲಿಟಾ’ ಅವನು ಇಟ್ಟುಕೊಂಡ ಹೆಸರು. ಮುಂದೆ ಓದುವುದಾದರೆ ಆ ಹೆಸರು ಬಂದ ಕಡೆಯೆಲ್ಲ ಮನಸ್ಸಿನಲ್ಲೇ ಡೊಲೊರೆಸ್ ಅಂತ ಓದಿಕೊಳ್ಳಿ, ಅರ್ಧ ಅತ್ತರು ಹಾರಿಹೋಗುತ್ತೆ. ಮೊದಲ ಭಾಗದ ಕೊನೆಯನ್ನು ಇನ್ನೊಂದು ಸಲ ನೋಡಿ. ತಾಯಿ ಸತ್ತದ್ದು ಗೊತ್ತಾದ ರಾತ್ರಿ ಹೋಟೆಲಿನಲ್ಲಿ ಇಬ್ಬರಿಗೂ ಬೇರೆ ಬೇರೆ ರೂಮು, ನಡುರಾತ್ರಿ ಅವಳು ಅಳುತ್ತಾ ಅವನ ರೂಮಿಗೇ ಬರುತ್ತಾಳೆ. ಅವಳಿಗೆ ಹೋಗಲು ಬೇರೆ ಜಾಗವೇ ಇರಲಿಲ್ಲ ಎಂದು ಅವನೇ ಹೇಳುತ್ತಾನೆ. ಎರಡನೇ ಭಾಗದಲ್ಲಿ, ಕಾರಿನಲ್ಲಿ ದೇಶವೆಲ್ಲ ಸುತ್ತಿದ ಕಥೆ ಕೊಚ್ಚಿಕೊಳ್ಳುತ್ತಾ ಒಂದು ಉದ್ದ ವಾಕ್ಯದ ತುದಿಯಲ್ಲಿ, ತಾನು ನಿದ್ದೆ ಬಂದಂತೆ ನಟಿಸಿದ ಕೂಡಲೇ ಅವಳು ಬಿಕ್ಕುತ್ತಿದ್ದಳು, ದಿನಾ ರಾತ್ರಿ, ಅಂತ ಬಾಯಿಬಿಡುತ್ತಾನೆ. ಸುಮ್ನೆ ಓದಿಕೊಂಡು ಹೋದರೆ ಕಣ್ಣು ತಪ್ಪಿಹೋಗುವ ಮಾತು. ನನಗಂತೂ ಆ ಮಾತಿಗಾಗಿಯೇ ಈ ಕಾದಂಬರಿ ದೊಡ್ಡದು.

ಬಿಡಬೇಕು ಅನ್ನಿಸಿದರೆ ಬಿಡಿ, ಇದೇನು ಪರೀಕ್ಷೆಯಲ್ಲ. ಇಂಥದ್ದು ನಿಮ್ಮ ಬದುಕಲ್ಲೋ ಮನೆಯಲ್ಲೋ ನಡೆದಿದ್ದರೆ ಮುಗಿಸಲೇಬೇಕು ಅಂತ ಹಟ ಹಿಡಿಯಬೇಡಿ. ಓದುವುದಾದರೆ ಹಗಲು ಹೊತ್ತು ಇಪ್ಪತ್ತು ಪುಟ ಸಾಕು, ಮಲಗುವ ಮುಂಚೆ ಬೇಡ.

ಮುಗಿಸಿದ ಮೇಲೆ ಮುನ್ನುಡಿಗೆ ವಾಪಸ್ ಹೋಗಿ. ಅದನ್ನು ಬರೆದ ‘ಡಾಕ್ಟರ್’ ಕೂಡ ಕಟ್ಟುಕಥೆಯವನೇ. ಅಲ್ಲಿ ಶ್ರೀಮತಿ ರಿಚರ್ಡ್ ಶಿಲ್ಲರ್ ಎಂಬಾಕೆ 1952ರ ಕ್ರಿಸ್‌ಮಸ್ ದಿನ ಹೆರಿಗೆಯಲ್ಲಿ ತೀರಿಕೊಂಡಳು ಎಂದು ಒಂದು ಸಾಲು ಇದೆ. ಮದುವೆಯಾದ ಮೇಲೆ ಡೊಲೊರೆಸ್ ಹೆಸರು ಅದೇ. ಈಗಾಗಲೇ ಅದನ್ನು ದಾಟಿ ಬಂದಿದ್ದೀರಿ, ಯಾರೋ ಏನೋ ಅಂದುಕೊಂಡು, ಅಲ್ವಾ?