ಬೆಳಗಿನ ಚಳಿಗೆ ಡ್ಯಾಶ್‌ಬೋರ್ಡ್ ಕಟಕಟ ಅನ್ನೋದಕ್ಕೆ

ನಿಮ್ಮ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಪ್ಲಾಸ್ಟಿಕ್ಕಿಗೆ ಪ್ಲಾಸ್ಟಿಕ್ ತಾಗುತ್ತಿರಬೇಕು. ಬೆಳಿಗ್ಗೆ ಕೈಮರ ಊರಿನ ಕಡೆ ಏರು ಹತ್ತುವಾಗ ಎಡಗಡೆಯಿಂದ ಕಟಕಟ ಬರುತ್ತದೆ, ಬಿಸಿಲೇರಿದ ಮೇಲೆ ನಿಲ್ಲುತ್ತದೆ ಅಂತ ಬರೆದಿದ್ದೀರಲ್ಲ, ಚಳಿಗೆ ಪ್ಲಾಸ್ಟಿಕ್ ಸ್ವಲ್ಪ ಕುಗ್ಗಿ ಕ್ಲಿಪ್ ಸಡಿಲವಾದರೆ ಹೀಗೇ ಆಗುತ್ತದೆ.

ಮೊದಲು ಗ್ಲೋವ್ ಬಾಕ್ಸ್, ಡೋರ್ ಪಾಕೆಟ್ ಪೂರ್ತಿ ಖಾಲಿ ಮಾಡಿ. ನಗಬೇಡಿ, ನಾನು ಎರಡು ತಿಂಗಳು ಹುಡುಕಿದ ಸದ್ದು ಕೊನೆಗೆ ಕನ್ನಡಕದ ಡಬ್ಬಿಯದು! ಆಮೇಲೂ ಬಂದರೆ, ಕಾರು ತಣ್ಣಗಿರುವಾಗಲೇ ಇನ್ನೊಬ್ಬರಿಗೆ ಓಡಿಸಲು ಹೇಳಿ, ನೀವು ಪಕ್ಕದಲ್ಲಿ ಕೂತು ಗ್ಲೋವ್ ಬಾಕ್ಸ್ ಮುಚ್ಚಳ, ಎಸಿ ವೆಂಟ್, ಬಾಗಿಲಿನ ಪ್ಯಾನೆಲ್ ಒಂದೊಂದನ್ನೇ ಅಂಗೈಯಿಂದ ಒತ್ತುತ್ತಾ ಹೋಗಿ. ಎಲ್ಲಿ ಒತ್ತಿದಾಗ ಸದ್ದು ನಿಲ್ಲುತ್ತದೋ ಅಲ್ಲೇ ಕಳ್ಳ. ಆ ಅಂಚಿಗೆ ಫೆಲ್ಟ್ ಟೇಪ್ (ಉಣ್ಣೆಬಟ್ಟೆಯಂಥ ಮೆತ್ತನೆ ಟೇಪ್) ಅಂಟಿಸಿ. ಮುಚ್ಚಳವೇ ಆಗಿದ್ದರೆ ಅದರ ಪುಟ್ಟ ರಬ್ಬರ್ ಬಿದ್ದುಹೋಗಿದೆಯಾ ನೋಡಿ, ನನ್ನ ಅನುಮಾನ ಜಾಸ್ತಿ ಅದರ ಮೇಲೇ.

ಕೊಬ್ಬರಿ ಎಣ್ಣೆ ಗಿಣ್ಣೆ ಬಿಡಬೇಡಿ, ಸುಮ್ನೆ ಧೂಳು ಹಿಡಿಯುತ್ತದೆ. ಏರ್‌ಬ್ಯಾಗ್ ಅಂತ ಬರೆದಿರುವ ಜಾಗ ಮಾತ್ರ ಮುಟ್ಟಲೇಬೇಡಿ.

ಗುಂಡಿಗೆ ಇಳಿದಾಗ ಕೆಳಗಿನಿಂದ ಲೊಟಲೊಟ ಅಂದರೆ ಅದು ಬೇರೆ ಕಥೆ. ಚಕ್ರದ ಬಳಿ ಸಸ್ಪೆನ್ಷನ್ನಿಗೆ ಸೇರಿದ ಲಿಂಕ್ ರಾಡ್ ಅನ್ನೋ ಸಣ್ಣ ಸರಳು ಸವೆದಿರಬಹುದು, ಗ್ಯಾರೇಜಿನಲ್ಲಿ ಕಾರು ಎತ್ತಿಸಿ ತೋರಿಸಿ.